ಹುಣಸೂರು ಡೆನ್ವರ್ ಆಗಬೇಕೆ?

ನಮ್ಮ ಮಿತ್ರರೊಬ್ಬರು ಅಮೆರಿಕದ ಡೆನ್ವರ್ ನಗರದಲ್ಲಿ ಮಗನ ಮನೆಯಲ್ಲಿ ಆರು ತಿಂಗಳಿದ್ದು ಹಿಂದಿರುಗಿದ್ದಾರೆ. ನಿವೃತ್ತ ಎಂಜಿನಿಯರು, ಲೋಕವನ್ನು ಕಂಡವರು, ಕಂಡದ್ದನ್ನು ನಾಲ್ಕು ಜನಕ್ಕೆ ಹೇಳದೆ ಇರಲಾರದವರು. ಮೊನ್ನೆ ಹುಣಸೂರಿನಲ್ಲಿ ಭೇಟಿಯಾದಾಗ ಅವರು ಆಡಿದ ಮಾತು ಇದು: “ಮೇಷ್ಟ್ರೆ, ನೂರೈವತ್ತು ವರ್ಷದ ಹಿಂದೆ ಅದೂ ನಮ್ಮ ಹುಣಸೂರಿನಂಥದೇ ಊರು. ಒಂದು ಹೊಳೆ, ಒಂದಿಷ್ಟು ಹುಲ್ಲು, ದನ. ರೈಲು ಬಂತು ನೋಡಿ, ಮಹಾನಗರವಾಯಿತು. ನಮಗೆ ಬರಲಿಲ್ಲ, ಹೀಗೇ ಉಳಿದೆವು.”

ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಆ ಹೊತ್ತಿನಲ್ಲಿ ನಾನೂ ತಲೆಯಾಡಿಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಮನೆಗೆ ಬಂದು ಯೋಚಿಸಿದಾಗ ಮಾತ್ರ ಆ ಮಾತು ಅರ್ಧಸತ್ಯವೆಂದು ತೋರಿತು. ಸುಳ್ಳನ್ನು ಎದುರಿಸುವುದು ಸುಲಭ. ಅರ್ಧಸತ್ಯವನ್ನು ಎದುರಿಸುವುದು ಕಷ್ಟ. ಅದಕ್ಕಾಗಿಯೆ ಈ ಬರೆಹ.

ಈ ಮಾತು ನಮ್ಮ ಮಿತ್ರರೊಬ್ಬರದೇ ಆಗಿದ್ದರೆ ಪತ್ರಿಕೆಯ ಸ್ಥಳವನ್ನು ಇದಕ್ಕೆ ವ್ಯಯಮಾಡಬೇಕಾಗಿರಲಿಲ್ಲ. ಮೈಸೂರಿನ ಬಳಿಯ ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರುಗಳ ರೈಲುಮಾರ್ಗವೊಂದು ವರ್ಷಗಳಿಂದ ಕಾಗದದ ಮೇಲೆ ಓಡುತ್ತಿದೆ. ಅದಕ್ಕೆ 1,854 ಕೋಟಿ ರೂಪಾಯಿಗಳ ಅಂದಾಜೂ ಆಗಿದ್ದಿತು. ಹಳಿ ಬೀಳಲಿಲ್ಲ. ಚುನಾವಣೆ ಬಂದಾಗ ಈ ರೈಲು ಕೂಗುತ್ತದೆ, ಮುಗಿದಾಗ ನಿಲ್ಲುತ್ತದೆ. ಪ್ರತಿಸಲವೂ ವೇದಿಕೆಯಿಂದ ಕೇಳಿಬರುವುದು ಇದೇ ವಾದ: ರೈಲು ಬಂದರೆ ಊರು ಬೆಳೆಯುತ್ತದೆ.

ನಾನು ರೈಲಿನ ವಿರೋಧಿಯಲ್ಲ. ಮೈಸೂರಿಗೆ ಹೋಗುವ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವ ನಮ್ಮ ವಿದ್ಯಾರ್ಥಿಗಳನ್ನು ದಿನವೂ ನೋಡುವವನು ರೈಲು ಬೇಡವೆನ್ನಲಾರ. ಆದರೆ ರೈಲು ಊರನ್ನು ಬೆಳೆಸುತ್ತದೆಯೆಂಬ ಮಾತನ್ನು ಮಂತ್ರದಂತೆ ಜಪಿಸುವವರಿಗೆ ಎರಡು ಪ್ರಶ್ನೆಗಳನ್ನು ಕೇಳಬೇಕಾಗಿದೆ. ಆ ರೈಲಿಗೆ ತುಂಬುವ ಸರಕು ಯಾವುದು? ಅದು ಯಾರದು? ಡೆನ್ವರ್ ನಗರದ ಚರಿತ್ರೆಯೂ ಹುಣಸೂರಿನ ಚರಿತ್ರೆಯೂ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗಿವೆ.

ಮೊದಲು ಡೆನ್ವರ್. 1858ರಲ್ಲಿ ಚಿನ್ನದ ಆಸೆಗೆ ಬಂದವರು ಕಟ್ಟಿದ ಊರು ಅದು. ಚಿನ್ನ ಬೇಗನೆ ಕೈಕೊಟ್ಟಿತು. 1860ರಲ್ಲಿ ಅಲ್ಲಿದ್ದವರು 4,749 ಜನ. ಹತ್ತು ವರ್ಷ ಕಳೆದು 1870ರ ಗಣತಿಯಲ್ಲಿ 4,759. ಹತ್ತು ವರ್ಷಕ್ಕೆ ಹತ್ತು ಜನ ಹೆಚ್ಚಿದರು! ಅಮೆರಿಕ ಖಂಡವನ್ನು ದಾಟುವ ಮೊದಲ ರೈಲುಮಾರ್ಗ ಈ ಊರನ್ನು ಬಿಟ್ಟು ಉತ್ತರಕ್ಕೆ ಸುಮಾರು ನೂರು ಮೈಲಿ ದೂರದ ಷೈಯೆನ್ ಮೂಲಕ ಹಾದುಹೋಯಿತು. ಡೆನ್ವರಿನ ವರ್ತಕರು ಕೈಕಟ್ಟಿ ಕೂರಲಿಲ್ಲ. ಕೌಂಟಿಯ ಮತದಾರರು ಐದು ಲಕ್ಷ ಡಾಲರುಗಳ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟರು. ತಮ್ಮದೇ ಒಂದು ಮಾರ್ಗವನ್ನು ಷೈಯೆನ್ನಿಗೆ ಕಟ್ಟಿಕೊಂಡರು. 1870ರ ಜೂನಿನಲ್ಲಿ ಮೊದಲ ರೈಲು ಬಂದಿತು. ಆಗಸ್ಟಿನಲ್ಲಿ ಕಾನ್ಸಾಸ್ ಕಡೆಯಿಂದ ಇನ್ನೊಂದು. 1880ಕ್ಕೆ ಜನಸಂಖ್ಯೆ 35,629, 1890ಕ್ಕೆ 1,06,713. ಬಯಲಿನ ದನ, ಬೆಟ್ಟದ ಬೆಳ್ಳಿ ಎರಡೂ ಈ ಊರಿನ ಮೂಲಕ ಹೊರಗೆ ಹೋದುವು. 1886ರಲ್ಲಿ ದನದ ದೊಡ್ಡಿಗಳ ಕಂಪನಿ ಏರ್ಪಟ್ಟಿತು. ಅದರ ಬೆನ್ನಿಗೆ ಮಾಂಸದ ಕಾರ್ಖಾನೆಗಳು ಬಂದುವು. ಇಲ್ಲಿಯವರೆಗೆ ನಮ್ಮ ಮಿತ್ರರ ಮಾತು ಸತ್ಯವೇ.

ಇನ್ನು ಉಳಿದ ಅರ್ಧ. ಆ ದನ ಮೇಯುತ್ತಿದ್ದ ಹುಲ್ಲು ಯಾರದು? ಆ ಬಯಲಿನಲ್ಲಿ ಷೈಯೆನ್ ಮತ್ತು ಅರಪಾಹೊ ಜನ ಬಾಳುತ್ತಿದ್ದರು. ಅವರ ಬಾಳಿಗೆ ಆಧಾರವಾಗಿ ಕೋಟಿಗಟ್ಟಲೆ ಕಾಡೆಮ್ಮೆಗಳಿದ್ದುವು. 1864ರ ನವೆಂಬರ್ 29ರಂದು ಸ್ಯಾಂಡ್ ಕ್ರೀಕ್ ಎಂಬ ಹಳ್ಳದ ದಡದಲ್ಲಿ, ತಮಗೆ ಸರ್ಕಾರದ ರಕ್ಷಣೆಯಿದೆಯೆಂದು ನಂಬಿ ಬಿಡಾರ ಹೂಡಿದ್ದ ಆ ಜನರನ್ನು ಸೈನಿಕರು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಆಗ ಆ ಪ್ರಾಂತದ ಗವರ್ನರ್ ಆಗಿದ್ದಾತ ಜಾನ್ ಇವಾನ್ಸ್. ಆ ಪ್ರಕರಣದಿಂದ ಮರುವರ್ಷ ಅಧಿಕಾರ ಬಿಟ್ಟ ಆ ಮನುಷ್ಯನೇ ಮುಂದೆ ಡೆನ್ವರಿನ ರೈಲುಮಾರ್ಗವನ್ನು ಕಟ್ಟಿಸಿದ ಪ್ರಮುಖರಲ್ಲಿ ಒಬ್ಬ! ಕಾಡೆಮ್ಮೆಗಳ ಗತಿಯೂ ಅಷ್ಟೆ. ಚರ್ಮ ರೈಲು ಹತ್ತಿತು, ಮೂಳೆಯೂ ರೈಲು ಹತ್ತಿತು. 1880ರ ದಶಕ ಮುಗಿಯುವ ಹೊತ್ತಿಗೆ ಬಯಲಿನಲ್ಲಿ ಉಳಿದವು ಕೆಲವು ನೂರು. ಹುಲ್ಲನ್ನು ಮೊದಲು ಒಬ್ಬರಿಂದ ಕಿತ್ತುಕೊಂಡು, ಆಮೇಲೆ ಅದರ ಮೇಲೆ ಹಳಿ ಹಾಕಿದರು. ಡೆನ್ವರ್ ಬೆಳೆದದ್ದು ರೈಲಿನಿಂದ ಎನ್ನುವವರು ಈ ಲೆಕ್ಕವನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಈಗ ನಮ್ಮ ಲಕ್ಷ್ಮಣತೀರ್ಥದ ದಡಕ್ಕೆ ಬರೋಣ. ಹುಣಸೂರಿಗೆ ರೈಲು ಬರಲಿಲ್ಲವೆಂದು ಕೊರಗುವವರು ಹುಣಸೂರಿಗೆ ಏನಿದ್ದಿತೆಂಬುದನ್ನು ಮರೆತಿದ್ದಾರೆ. ಮೈಸೂರು ಅರಸರಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ‘ಬೆಣ್ಣೆ ಚಾವಡಿ’ಯಾಗಿ ಬೆಳೆದು, ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಎಂದು ಹೆಸರು ಪಡೆದ ಸರ್ಕಾರಿ ದನದ ಇಲಾಖೆ ಸಾಮಾನ್ಯವಾದುದಲ್ಲ. 1781ರಲ್ಲಿ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಉಳಿಸಿಕೊಂಡದ್ದು ಈ ಎತ್ತುಗಳ ಬಲದಿಂದಲೇ ಎಂದು ಗ್ಯಾಸೆಟಿಯರುಗಳು ಹೇಳುತ್ತವೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಮಂದೆಗಳು ಇಂಗ್ಲಿಷರ ಕೈಸೇರಿದುವು. ಮುಂದೆ ವೆಲಿಂಗ್ಟನ್ ಪ್ರಭುವಾದ ಸೇನಾನಿಯೂ ಇವನ್ನು ಹೊಗಳಿದವನೇ. ಈ ಇಲಾಖೆಯ ಮುಖ್ಯ ಕೇಂದ್ರ ಹುಣಸೂರಿನಲ್ಲಿದ್ದಿತು.

ದನವಿದ್ದಲ್ಲಿ ಚರ್ಮ, ಚರ್ಮವಿದ್ದಲ್ಲಿ ಕಸಬು. ಮದರಾಸಿನ ಸೈನ್ಯಕ್ಕಾಗಿ ಹುಣಸೂರಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆ ನಡೆಯುತ್ತಿದ್ದಿತು. ಸಿಪಾಯಿಗಳಿಗೆ ಬೂಟು, ಬೆನ್ನಚೀಲ, ಮದ್ದಿನ ಚೀಲ ಇಲ್ಲಿಂದ ಹೋಗುತ್ತಿದ್ದುವು. ಕಂಬಳಿಯ ಕಾರ್ಖಾನೆಯಿದ್ದಿತು. ಮರದ ಅಡ್ಡೆಯಿದ್ದಿತು. ಗಾಡಿ ಮಾಡುವ ಬಡಗಿಗಳಿದ್ದರು. ಡೆನ್ವರ್ ಹುಟ್ಟುವ ಮೊದಲೇ ಹುಣಸೂರಿನಲ್ಲಿ ದನದ ಸುತ್ತ ಒಂದು ಸಣ್ಣ ಉದ್ಯಮನಗರವೇ ಇದ್ದಿತೆಂದರೆ ಉತ್ಪ್ರೇಕ್ಷೆಯಾಗದು. ರೈಲಿನ ಸದ್ದೂ ಕೇಳದ ಕಾಲವದು. ಮೈಸೂರಿಗೆ ರೈಲು ಬಂದದ್ದೇ 1882ರಲ್ಲಿ.

ಹಾಗಾದರೆ ಹುಣಸೂರನ್ನು ಕೆಡಿಸಿದ್ದು ರೈಲಿನ ಅಭಾವವೆ? ಅಲ್ಲ, ಮಿತವ್ಯಯದ ಹೆಸರಿನ ಒಂದು ಆಜ್ಞೆ. 1860ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲ್ಯನ್, ಈ ದನ ಸಾಕುವುದೆಲ್ಲ ಸರ್ಕಾರಕ್ಕೆ ದಂಡ ಎಂದು ತೀರ್ಮಾನಿಸಿ ಮಂದೆಗಳನ್ನು ಮಾರಿಸಿಬಿಟ್ಟ. ಒಳ್ಳೆಯ ರಾಸುಗಳನ್ನು ಈಜಿಪ್ಟಿನ ಪಾಷಾ ಕೊಂಡುಕೊಂಡನೆಂದು ದಾಖಲೆಯಿದೆ. ಕಾರ್ಖಾನೆಗಳೂ ಆ ದಶಕದಲ್ಲಿಯೇ ಮುಚ್ಚಿದುವು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ತಕ್ಕ ಎತ್ತು ಸಿಕ್ಕದೆ ಹೋಯಿತು. ಸಿಕ್ಕಿದ್ದರ ಬೆಲೆ ಏರಿತು. ತಪ್ಪಿನ ಅರಿವಾಗಿ 1866ರ ಸುಮಾರಿಗೆ ಇಲಾಖೆಯನ್ನು ಮತ್ತೆ ಕಟ್ಟಿದರು. ದನವನ್ನೇನೋ ಮತ್ತೆ ಕೂಡಿಹಾಕಬಹುದು. ಚದುರಿಹೋದ ಕಸಬನ್ನು ಕೂಡಿಹಾಕುವುದು ಹೇಗೆ? ಇಂದು ಅಮೃತ ಮಹಲ್ ತಳಿಯನ್ನು ನೋಡಬೇಕಾದರೆ ಅಜ್ಜಂಪುರಕ್ಕೆ ಹೋಗಬೇಕು. ಹುಣಸೂರಿನಲ್ಲಿ ಅದರ ನೆನಪೂ ಅಳಿಸುತ್ತಿದೆ.

ಕನ್ನಡದ ಅಧ್ಯಾಪಕನಾಗಿ ಒಂದು ಮಾತನ್ನು ಸೇರಿಸುವ ಚಪಲವನ್ನು ವಾಚಕರು ಮನ್ನಿಸಬೇಕು. ‘ದನ’ವೆಂಬ ನಮ್ಮ ಮಾತು ಸಂಸ್ಕೃತದ ‘ಧನ’ದಿಂದ ಬಂದದ್ದು. ದನವನ್ನೇ ಸಂಪತ್ತೆಂದು ಕರೆದ ಭಾಷೆ ನಮ್ಮದು. ನಮ್ಮ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೊಳಲ್ಲಿ, ಎಂದರೆ ಊರಿನ ತುರುಗಳನ್ನು ಬಿಡಿಸಿಕೊಳ್ಳುವ ಕಾಳಗದಲ್ಲಿ, ಸತ್ತವರ ಕಲ್ಲುಗಳು. ಸಾವಿರ ವರ್ಷದ ಹಿಂದೆ ಊರಿನ ದನಕ್ಕಾಗಿ ಪ್ರಾಣ ಕೊಟ್ಟವನಿಗೆ ಕಲ್ಲು ನಿಲ್ಲಿಸಿದರು. ಇಂದು ಊರಿನ ಗೋಮಾಳ ಕಣ್ಣೆದುರಿಗೇ ಕರಗಿಹೋದರೆ ಒಂದು ಅರ್ಜಿಯನ್ನಾದರೂ ಬರೆಯುವವರು ಎಷ್ಟು ಜನ?

ಗೋಮಾಳದ ಮಾತು ಬಂದಿತು. ಅದರ ವಿಚಿತ್ರವನ್ನೂ ಹೇಳಿಬಿಡುತ್ತೇನೆ. ನೂರು ದನಕ್ಕೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಮೇಯುವ ನೆಲವನ್ನು ಕಾದಿರಿಸಬೇಕೆಂದು ಕರ್ನಾಟಕದ ಭೂಕಂದಾಯ ನಿಯಮಗಳು ಹೇಳುತ್ತವೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ನೆಲ ಕಡಮೆಯಾದರೆ ದನ ಕಡಮೆಯಾಗುತ್ತದೆ. ದನ ಕಡಮೆಯಾದರೆ ‘ಹೆಚ್ಚುವರಿ ಗೋಮಾಳ’ ಹುಟ್ಟುತ್ತದೆ. ಹೆಚ್ಚುವರಿಯೆಂದ ಮೇಲೆ ಅದನ್ನು ಬೇರೆಯದಕ್ಕೆ ಕೊಡಬಹುದು. ಕೊಟ್ಟ ಮೇಲೆ ದನ ಇನ್ನಷ್ಟು ಕಡಮೆಯಾಗುತ್ತದೆ. ಹುಲ್ಲನ್ನು ಕಸಿದುಕೊಂಡು, ಆಮೇಲೆ ದನವೆಲ್ಲಿ ಎಂದು ಕೇಳುವ ಲೆಕ್ಕವಿದು. ಚಳ್ಳಕೆರೆಯ ಕಡೆ ಸುಮಾರು ಹತ್ತು ಸಾವಿರ ಎಕರೆ ಅಮೃತ ಮಹಲ್ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದದ್ದನ್ನು ನಾವು ಈ ಶತಮಾನದಲ್ಲಿಯೇ ಕಂಡಿದ್ದೇವೆ. ವಿಜ್ಞಾನ ಬೇಡವೆಂದು ಯಾರೂ ಹೇಳಲಿಲ್ಲ. ಮೇಯಿಸುತ್ತಿದ್ದವರನ್ನು ಒಂದು ಮಾತು ಕೇಳಬಹುದಾಗಿತ್ತೆಂದು ಅಲ್ಲಿಯ ಹಳ್ಳಿಗರು ಹೇಳಿದರು.

ರೈಲು ಬಂದರೆ ಸಾಕೆಂಬವರು ಕೃಷ್ಣರಾಜನಗರವನ್ನು ನೋಡಬೇಕು. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಕಡೆ ಹೋಗುವ ರೈಲು ಈ ಊರಿನ ಮೂಲಕ ಓಡತೊಡಗಿ ನೂರು ವರ್ಷ ಕಳೆಯಿತು. ಹಳೆಯ ಎಡತೊರೆಗೆ ಕಾವೇರಿಯ ಪ್ರವಾಹ ಬಡಿದ ಮೇಲೆ, ನಾಲ್ವಡಿಯವರ ಹೆಸರಿನಲ್ಲಿ ಅಚ್ಚುಕಟ್ಟಾಗಿ ಬೀದಿ ಹಾಕಿ ಕಟ್ಟಿದ ಊರದು. ಅದಕ್ಕೆ ರೈಲಿದೆ, ನಾಲೆಯಿದೆ, ಬತ್ತವಿದೆ. ಡೆನ್ವರ್ ಆಯಿತೆ? ಆಗಲಿಲ್ಲ. ಆಗದಿದ್ದುದಕ್ಕೆ ಊರಿನವರ ತಪ್ಪೇನೂ ಇಲ್ಲ. ರೈಲು ಎರಡು ಕಡೆಗೂ ಓಡುತ್ತದೆ. ತುಂಬಿಕೊಂಡು ಹೋದದ್ದರ ಲಾಭ ಊರಿಗೆ ಹಿಂದಿರುಗಿದರೆ ಊರು ಬೆಳೆಯುತ್ತದೆ. ಹಿಂದಿರುಗದಿದ್ದರೆ ನಿಲ್ದಾಣ ಮಾತ್ರ ಉಳಿಯುತ್ತದೆ.

ಪಿರಿಯಾಪಟ್ಟಣದ ಪಾಠ ಇದಕ್ಕೆ ವಿರುದ್ಧದ್ದು, ಆದರೆ ಅರ್ಥ ಒಂದೇ. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪು ಹರಾಜುಕಟ್ಟೆಯಲ್ಲಿ ಮಾರಾಟವಾಗಿ ಲಾರಿ ಹತ್ತಿ ಸಮುದ್ರ ದಾಟುತ್ತದೆ. ರೈಲಿಲ್ಲವೆಂದು ಅದು ನಿಂತಿಲ್ಲ. ಬೆಲೆ ಎಲ್ಲಿಯೋ ನಿರ್ಧಾರವಾಗುತ್ತದೆ; ಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳಿಗೆ ಸೌದೆ ಇಲ್ಲಿಂದ ಹೋಗುತ್ತದೆ; ಸಾಲವೂ ಇಲ್ಲಿಯೇ ಉಳಿಯುತ್ತದೆ. ನಾಳೆ ಲಾರಿಯ ಬದಲು ರೈಲು ಬಂದರೆ ಸೊಪ್ಪು ಬೇಗ ಹೋದೀತು. ರೈತ ಬೇಗ ಏಳುವನೆಂದು ಯಾವ ಭರವಸೆ?

ಹೆಗ್ಗಡದೇವನಕೋಟೆಯದು ಬೇರೆಯೇ ಕಥೆ. ಅಲ್ಲಿಗೆ ರೈಲನ್ನು ಕನಸಿನಲ್ಲಿಯೂ ಯಾರೂ ತರಲಿಲ್ಲ. ಆದರೆ ಅಭಿವೃದ್ಧಿಯ ಕಂದಾಯವನ್ನು ಎಲ್ಲರಿಗಿಂತ ಹೆಚ್ಚಾಗಿ ತೆತ್ತವರು ಅಲ್ಲಿಯವರು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರಿನಲ್ಲಿ ಹಳ್ಳಿಗಳು ಮುಳುಗಿದುವು. ನಾಗರಹೊಳೆಯ ಕಾಡು ರಾಷ್ಟ್ರೀಯ ಉದ್ಯಾನವಾಗುತ್ತ ಜೇನುಕುರುಬರೂ ಅವರ ನೆರೆಯ ಆದಿವಾಸಿಗಳೂ ಹೊರಬಿದ್ದರು. ಪ್ರೊ. ಮುಜಾಫರ್ ಅಸ್ಸಾದಿಯವರ ನೇತೃತ್ವದ ಸಮಿತಿ 2014ರಲ್ಲಿ ವರದಿ ಕೊಟ್ಟು, 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಎಣಿಸಿ ಹೇಳಿತು. ಸ್ಯಾಂಡ್ ಕ್ರೀಕಿನ ಕೊಲೆಗೂ ಇದಕ್ಕೂ ಹೋಲಿಕೆ ಹಚ್ಚುವಷ್ಟು ವಿವೇಕಹೀನ ನಾನಲ್ಲ. ಆದರೆ ಊರಿಗೆ ಒಳ್ಳೆಯದಾಗಲೆಂದು ಕಾಡಿನವನನ್ನು ಪಕ್ಕಕ್ಕೆ ಸರಿಸಿ, ಆಮೇಲೆ ಅವನ ಲೆಕ್ಕವನ್ನು ಮರೆಯುವ ಚಾಳಿ ಎರಡು ಕಡೆಯೂ ಒಂದೇ. ಅಮೆರಿಕದವರಾದರೂ ತಡವಾಗಿ ನೆನಪಿಸಿಕೊಂಡರು. ನೂರೈವತ್ತನೆಯ ವರ್ಷವಾದ 2014ರಲ್ಲಿ ಕೊಲರಾಡೊ ರಾಜ್ಯದ ಗವರ್ನರ್ ಕ್ಷಮೆ ಕೇಳಿದರು. 2023ರಲ್ಲಿ ಇವಾನ್ಸನ ಹೆಸರನ್ನು ಹೊತ್ತಿದ್ದ ಬೆಟ್ಟಕ್ಕೆ ಬೇರೆ ಹೆಸರಿಟ್ಟರು. ನಮ್ಮ ಲೆಕ್ಕವನ್ನು ತೀರಿಸುವುದಕ್ಕೆ ನಮಗೂ ನೂರೈವತ್ತು ವರ್ಷ ಬೇಕೆ?

ಇಲ್ಲಿ ಒಬ್ಬ ವಾಚಕ ಮಹಾಶಯರು ಆಕ್ಷೇಪಿಸಬಹುದು: “ಟ್ರ್ಯಾಕ್ಟರು ಬಂದಿರುವ ಕಾಲದಲ್ಲಿ ಎತ್ತಿನ ಪುರಾಣವೇಕೆ?” ಆಕ್ಷೇಪ ಸರಿಯಾದುದೇ. ಉಳುವುದಕ್ಕೆ ಎತ್ತೇ ಆಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಹೊಗೆಸೊಪ್ಪಿನ ಬೆಲೆ ಬಿದ್ದ ವರ್ಷ ನಮ್ಮ ಹಳ್ಳಿಗಳಲ್ಲಿ ಒಲೆ ಉರಿದದ್ದು ಯಾತರಿಂದ? ಡೈರಿಗೆ ಹಾಕಿದ ಹಾಲಿನಿಂದ. ಮಗಳ ಮದುವೆಗೆ, ಮಗನ ಕಾಲೇಜು ಶುಲ್ಕಕ್ಕೆ ಅಡವಿಲ್ಲದೆ ಕೈಗೆ ಬರುವ ಹಣ ಯಾವುದು? ಕೊಟ್ಟಿಗೆಯಲ್ಲಿ ಕಟ್ಟಿದ್ದು. ಜಮೀನಿಲ್ಲದವನಿಗೂ ಒಂದು ಹಸು, ನಾಲ್ಕು ಕುರಿ ಇರಬಹುದಾದರೆ ಅದು ಗೋಮಾಳದಿಂದ. ಇದೇ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1974ರ ಭೂಸುಧಾರಣೆಯಿಂದ ಗೇಣಿದಾರನಿಗೆ ನೆಲ ಕೊಡಿಸಿದರು. ಉಳುವವನಿಗೆ ಹೊಲ ಸಿಕ್ಕಿತು. ಮೇಯಿಸುವವನಿಗೆ ಹುಲ್ಲು ಸಿಕ್ಕಬೇಕೆಂಬ ಎರಡನೆಯ ಅಧ್ಯಾಯವನ್ನು ಯಾರೂ ಬರೆಯಲಿಲ್ಲ.

ಪಟ್ಟಣದ ನಾವೂ ಸ್ವಲ್ಪ ಎದೆ ಮುಟ್ಟಿ ನೋಡಿಕೊಳ್ಳಬೇಕು. ಕುಶಾಲನಗರದ ರೈಲಿಗಾಗಿ ಮೈಸೂರು ಬೆಂಗಳೂರುಗಳಿಂದ ಏಳುವ ಕೂಗಿನಲ್ಲಿ ಹುಣಸೂರಿನ ಹಸುವಿಲ್ಲ, ಪಿರಿಯಾಪಟ್ಟಣದ ರೈತನಿಲ್ಲ. ಶನಿವಾರ ಹತ್ತಿ ಕೊಡಗಿನಲ್ಲಿಳಿದು ಭಾನುವಾರ ಹಿಂದಿರುಗುವ ಆಸೆಯಿದೆ. ನಡುವಿನ ಎರಡು ತಾಲ್ಲೂಕುಗಳು ಕಿಟಕಿಯ ಹೊರಗಿನ ನೋಟ. ಕೊಡಗಿನ ಕಾಡಿಗೆ ಏನಾದೀತೆಂದು ಅಲ್ಲಿಯವರು ಕೇಳಿದರು, ಒಳ್ಳೆಯದು. ಹುಣಸೂರಿನ ಹುಲ್ಲಿಗೆ ಏನಾದೀತೆಂದು ನಾವು ಕೇಳಲೂ ಇಲ್ಲ.

ಹಾಗಾದರೆ ಡೆನ್ವರಿನಿಂದ ಕಲಿಯಬೇಕಾದುದು ಏನೂ ಇಲ್ಲವೆ? ಇದೆ. ಆ ನಗರದಲ್ಲಿ 1906ರಿಂದ ಪ್ರತಿ ಜನವರಿಯಲ್ಲಿ ದೊಡ್ಡ ದನದ ಪ್ರದರ್ಶನ ನಡೆಯುತ್ತದೆ. ಹಳೆಯ ದೊಡ್ಡಿಗಳ ಕಾಲ ಎಂದೋ ಮುಗಿಯಿತು; ಮಾಂಸದ ಕಾರ್ಖಾನೆಗಳೂ ಮುಚ್ಚಿದುವು. ಆದರೂ 2015ರಲ್ಲಿ ಆ ಮೈದಾನವನ್ನು ಹೊಸದಾಗಿ ಕಟ್ಟಲು ನಗರದ ಮತದಾರರು ತೆರಿಗೆಯ ಹಣವನ್ನು ಮಂಜೂರು ಮಾಡಿದರು. ನಗರದೊಳಗಿನ ಬೆಲೆಬಾಳುವ ನೆಲವನ್ನು ದನಕ್ಕೆಂದೇ ಉಳಿಸಿಕೊಂಡರು. ನಮ್ಮಲ್ಲಿಯೂ ಜನವರಿಯಲ್ಲಿಯೇ, ಸಂಕ್ರಾಂತಿಯ ಆಸುಪಾಸಿನಲ್ಲಿ, ಚುಂಚನಕಟ್ಟೆಯಲ್ಲಿ ಕಾವೇರಿಯ ದಡದಲ್ಲಿ ದನದ ಜಾತ್ರೆ ಸೇರುತ್ತದೆ. ಕೋದಂಡರಾಮನ ಗುಡಿಯ ಸುತ್ತ ಹಳ್ಳಿಕಾರ್ ಜೋಡಿಗಳನ್ನು ಕಟ್ಟಿ, ಕೊಂಬಿಗೆ ಎಣ್ಣೆ ಹಚ್ಚಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನಾನು ಚಿಕ್ಕಂದಿನಲ್ಲಿ ತಂದೆಯವರ ಜೊತೆ ಹೋಗಿ ಕಂಡಿದ್ದೇನೆ. ಕಳೆದ ಸಲ ಹೋದಾಗ ಮುದುಕರೊಬ್ಬರನ್ನು, ಈ ವರ್ಷ ಜೋಡಿಗಳು ಕಡಮೆಯೇಕೆಂದು ಕೇಳಿದೆ. “ಜೋಡಿ ಕಟ್ಟೋಕೆ ಆಸೆ ಐತೆ ಮೇಷ್ಟ್ರೆ, ಮೇಯ್ಸಕೆ ಜಾಗ ಎಲ್ಲೈತೆ?” ಎಂದರು. ಎಲ್ಲ ಯೋಜನಾ ವರದಿಗಳಿಗಿಂತ ಆ ಒಂದು ಮಾತಿನಲ್ಲಿ ಹೆಚ್ಚು ಅರ್ಥವಿದೆ.

ಆದುದರಿಂದ ನನ್ನ ವಿನಂತಿ ಇಷ್ಟು. ರೈಲು ಬರಲಿ. ಆದರೆ ಹಳಿಯನ್ನು ಅಳೆಯುವ ಮೊದಲು ನಾಲ್ಕು ತಾಲ್ಲೂಕುಗಳ ಗೋಮಾಳವನ್ನೂ ಕಾವಲನ್ನೂ ಅಳೆಯಲಿ. ಉಳಿದುದನ್ನು ಉಳಿದಂತೆಯೇ ಕಾಯಲಿ. ಹುಣಸೂರಿನಲ್ಲಿ ಕಟ್ಟುವ ನಿಲ್ದಾಣದ ಪಕ್ಕದಲ್ಲಿ ಪ್ರವಾಸಿಗರ ಹೋಟೆಲಿಗಿಂತ ಮೊದಲು ರೈತನ ಸರಕಿಗೆ ಉಗ್ರಾಣ ಬರಲಿ. ಆ 3,418 ಕುಟುಂಬಗಳ ಹಳೆಯ ಬಾಕಿಯನ್ನು ಹೊಸ ಸಾಲ ಎತ್ತುವ ಮೊದಲು ತೀರಿಸಲಿ. ಇಷ್ಟಾದ ಮೇಲೆ ಬರುವ ರೈಲು ಊರಿಗೆ ಬರುತ್ತದೆ. ಇಷ್ಟಾಗದೆ ಬರುವ ರೈಲು ಊರಿನ ಮೇಲೆ ಹಾದುಹೋಗುತ್ತದೆ.

ನಮ್ಮ ಎಂಜಿನಿಯರ್ ಮಿತ್ರರಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹುಣಸೂರು ಡೆನ್ವರ್ ಆಗುವುದು ಬೇಡವೆನ್ನುತ್ತೀರಾ?” ಎಂದರು. ಬೇಡ ಸ್ವಾಮಿ. ಹುಣಸೂರು ಒಮ್ಮೆ ಹುಣಸೂರೇ ಆಗಿದ್ದಿತು. ಅದು ಮತ್ತೆ ಹುಣಸೂರಾದರೆ ಸಾಕು.